ಆಟ ಕಲಿಸುವವರ ಕೆಲಸದ ಬೆಲೆ

ಶಾಲೆಗಳು ಪ್ರಕಟಿಸುವ ಸ್ಮರಣಸಂಚಿಕೆಗಳಲ್ಲಿ ಆಟೋಟಗಳಿಗೆಂದು ಒಂದು ಪುಟವನ್ನು ಬಿಡುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಗೆದ್ದ ಪಾರಿತೋಷಕಗಳ ಪಟ್ಟಿ, ಗೆದ್ದ ತಂಡದ ಭಾವಚಿತ್ರ, ಆ ಚಿತ್ರದ ಒಂದು ಕೊನೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದುಮಾಡಿ ನಿಂತ ವ್ಯಾಯಾಮ ಶಿಕ್ಷಕಿ, ಇವಿಷ್ಟನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಪಾರಿತೋಷಕವು ಬಂದ ವರ್ಷ ಆ ಶಿಕ್ಷಕಿಗೆ ಸಭೆಯಲ್ಲಿ ಹಾರ ಹಾಕುವುದುಂಟು. ಬಾರದ ವರ್ಷ ಅವರ ಹೆಸರನ್ನೆತ್ತುವವರೇ ಇರುವುದಿಲ್ಲ. ಆಟ ಕಲಿಸುವವರ ಕೆಲಸವನ್ನು ಅಳೆಯುವುದಕ್ಕೆ ಲೋಕವು ಇಟ್ಟುಕೊಂಡಿರುವ ಅಳತೆಗೋಲು ಇದೊಂದೇ.

ಈ ಅಳತೆಗೋಲು ಸರಿಯಾದದ್ದಲ್ಲವೆಂಬದು ನಮ್ಮ ಅಭಿಪ್ರಾಯ. ಆಟ ಕಲಿಸುವವರ ಕೆಲಸವನ್ನು ಆ ವರ್ಷ ಬಂದ ಪಾರಿತೋಷಕಗಳಿಂದ ಅಳೆಯದೆ, ಅವರ ಕೈಕೆಳಗೆ ಎಷ್ಟು ಮಕ್ಕಳು ಅಂಗಳಕ್ಕೆ ಇಳಿದರು, ಇಳಿದವರಲ್ಲಿ ಎಷ್ಟು ಮಂದಿ ವರ್ಷದಿಂದ ವರ್ಷಕ್ಕೆ ಆಟದಲ್ಲಿ ಉಳಿದರು ಎಂಬದರಿಂದ ಅಳೆಯತಕ್ಕದ್ದು. ಹೀಗೆ ಅಳೆದ ಕಡೆಗಳಲ್ಲಿ ಗೆಲವೂ ಬಾರದೆ ಹೋಗಿಲ್ಲ. ಆದರೆ ಅದು ತನ್ನ ಕಾಲಕ್ಕೆ ಬಂದಿದೆ, ನಾವು ನಿಶ್ಚಯಿಸಿದ ದಿನಕ್ಕಲ್ಲ.

ಇದು ಬರಿಯ ಆಟದ ಮಾತೆಂದು ಯಾರೂ ಭಾವಿಸಬಾರದು. ಎಂಟನೆಯ ತರಗತಿಗೆ ಸೇರಿದ ಹುಡುಗಿಯರು ಥ್ರೋಬಾಲಿಗೂ ಖೋ-ಖೋಗೂ ಗುಂಪುಗೂಡಿ ಓಡಿಬರುವರು. ಒಂಬತ್ತನೆಯ ತರಗತಿಯಲ್ಲಿ ಆ ಗುಂಪು ಅರ್ಧಕ್ಕೆ ಇಳಿಯುವುದು. ಹತ್ತನೆಯ ತರಗತಿಗೆ ಬರುವಾಗ ತಂಡಕ್ಕೆ ಆಯ್ಕೆಯಾದ ಕೆಲವರ ಹೊರತು ಉಳಿದವರೆಲ್ಲ ಜಗಲಿಯ ಮೇಲೆ ಕುಳಿತವರೇ. ಅಷ್ಟರಲ್ಲಿ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಸಾಲವಾಗಿ ಹೋಗಿರುವುದು. ಆ ಸಾಲವು ತೀರಿದ್ದನ್ನು ಕಂಡವರು ವಿರಳ. ಈ ಪಾಡು ಯಾವ ಒಂದು ಶಾಲೆಯದೂ ಅಲ್ಲ, ನಮ್ಮ ಊರಿನ ಮತ್ತು ಜಿಲ್ಲೆಯ ಅನೇಕ ಶಾಲೆಗಳದ್ದು. ಹದಿನಾಲ್ಕು ವರ್ಷಕ್ಕೆ ಓಟವನ್ನು ಬಿಟ್ಟ ಹುಡುಗಿಯು ಮುಂದೆ ಗೃಹಿಣಿಯಾಗಿ, ಉದ್ಯೋಗಸ್ಥೆಯಾಗಿ, ತಾಯಿಯಾಗಿ ಇರುವಾಗ ತಿರುಗಿ ಓಡಲಾರಂಭಿಸುವುದು ಅಪರೂಪ. ಆದಕಾರಣ ಪಾರಿತೋಷಕದ ಅಳತೆಗೋಲಿನಿಂದ ಆಗುವ ನಷ್ಟವು ಶಿಕ್ಷಕಿಯೊಬ್ಬರದಲ್ಲ, ಜಗಲಿಯ ಮೇಲೆ ಕುಳಿತ ಮಕ್ಕಳೆಲ್ಲರದು.

ನಮ್ಮ ಮಾತನ್ನು ಒಬ್ಬರ ವೃತ್ತಿಜೀವನದ ಉದಾಹರಣೆಯಿಂದ ವಿಶದಪಡಿಸಬಯಸುತ್ತೇವೆ. ಅವರು ರಾಹುಲ್ ದ್ರಾವಿಡ್ ಅವರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಗಂಡಸರ ಕ್ರಿಕೆಟಿನ ಮಾತೇಕೆಂದು ಕೇಳುವವರಿರಬಹುದು. ಅವರು ನಮ್ಮ ನಾಡಿನಲ್ಲಿ ಬೆಳೆದವರು. ನಮ್ಮ ಮಕ್ಕಳಂತೆಯೇ ಕ್ರೈಸ್ತ ಸಂಸ್ಥೆಯೊಂದರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಬಾಲಕರ ಹೈಸ್ಕೂಲಿನಲ್ಲಿ, ಓದಿದವರು. ತಾವು ಆಡಿದ್ದಕ್ಕಿಂತಲೂ ಇತರರಿಗೆ ಕಲಿಸಿದ್ದರಲ್ಲಿ ಹೆಚ್ಚಿನ ಪಾಠವನ್ನು ಬಿಟ್ಟವರು. ಇವು ಸಾಕಾದ ಕಾರಣಗಳೆಂದು ನಂಬುತ್ತೇವೆ.

ಅವರು ಹುಟ್ಟಿದ್ದು ೧೯೭೩ನೇ ಇಸವಿ ಜನವರಿ ೧೧ರಂದು, ಇಂದೋರಿನಲ್ಲಿ. ಬಾಲ್ಯದಲ್ಲಿ ಬೆಂಗಳೂರಿನ ಬೇಸಗೆಯ ತರಬೇತಿ ಶಿಬಿರವೊಂದರಲ್ಲಿ ಕೇಕಿ ತಾರಾಪೋರ್ ಎಂಬ ಶಿಕ್ಷಕರ ಕಣ್ಣಿಗೆ ಬಿದ್ದರು. ೧೯೯೬ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿ ೯೫ ಓಟಗಳನ್ನು ಗಳಿಸಿದರು. ೨೦೧೨ರಲ್ಲಿ ನಿವೃತ್ತರಾಗುವಾಗ ೧೬೪ ಟೆಸ್ಟ್ ಪಂದ್ಯಗಳಲ್ಲಿ ೧೩,೨೮೮ ಓಟಗಳೂ ೩೬ ಶತಕಗಳೂ ಅವರ ಹೆಸರಿನಲ್ಲಿದ್ದವು. ಆದರೆ ವಿಶ್ವಕಪ್ಪನ್ನು ಅವರು ಆಟಗಾರರಾಗಿ ಒಮ್ಮೆಯೂ ಗೆಲ್ಲಲಿಲ್ಲ. ೨೦೦೭ರಲ್ಲಿ ಅವರ ನಾಯಕತ್ವದಲ್ಲಿ ವೆಸ್ಟ್ ಇಂಡೀಸಿಗೆ ಹೋದ ತಂಡವು ಬಾಂಗ್ಲಾದೇಶಕ್ಕೂ ಶ್ರೀಲಂಕೆಗೂ ಸೋತು ಮೊದಲನೆಯ ಸುತ್ತಿನಲ್ಲಿಯೇ ಮನೆಗೆ ಮರಳಿತು.

ಇಂಥ ಕೀರ್ತಿವಂತರು ನಿವೃತ್ತರಾದ ಮೇಲೆ ದೊಡ್ಡವರ ತಂಡಕ್ಕೆ ನೇರವಾಗಿ ಗುರುವಾಗಬಯಸುವುದು ಸಹಜ. ಅವರು ಹಾಗೆ ಮಾಡದೆ, ೨೦೧೫ರಲ್ಲಿ ಭಾರತದ ಎರಡನೆಯ ದರ್ಜೆಯದಾದ 'ಎ' ತಂಡಕ್ಕೂ ಹತ್ತೊಂಬತ್ತು ವರ್ಷದೊಳಗಿನ ಹುಡುಗರ ತಂಡಕ್ಕೂ ತರಬೇತುದಾರರಾದರು. ಅಲ್ಲಿ ಅವರು ಹಿಡಿದ ಎರಡು ಕ್ರಮಗಳು ನಮ್ಮ ಲಕ್ಷ್ಯಕ್ಕೆ ಅರ್ಹವಾಗಿವೆ.

ಒಂದನೆಯದು, 'ಎ' ತಂಡದೊಂದಿಗೆ ಪ್ರವಾಸ ಹೊರಟ ಯಾವ ಆಟಗಾರನೂ ಒಂದಾದರೂ ಪಂದ್ಯವನ್ನಾಡದೆ ಹಿಂತಿರುಗಕೂಡದೆಂಬುದು. ಹುಡುಗನಾಗಿದ್ದಾಗ ದೂರದ ಊರಿಗೆ ಹೋಗಿ ಆಡುವ ಸರದಿಯೇ ಬಾರದೆ ಮರಳುವುದರ ದುಃಖವನ್ನು ತಾವು ಬಲ್ಲೆವೆಂದು ಅವರೇ ಹೇಳಿಕೊಂಡಿದ್ದಾರೆ. ಎರಡನೆಯದು, ಕಿರಿಯರ ವಿಶ್ವಕಪ್ಪಿನಲ್ಲಿ ಒಬ್ಬ ಹುಡುಗನು ಒಂದೇ ಬಾರಿ ಆಡತಕ್ಕದ್ದೆಂಬುದು. ಒಮ್ಮೆ ಆಡಿ ಪಳಗಿದವನನ್ನೇ ವಯಸ್ಸು ಮೀರುವ ತನಕ ಮತ್ತೆ ಆಡಿಸಿದರೆ ಗೆಲವು ಸುಲಭ. ಆದರೆ ಒಬ್ಬನ ಎರಡನೆಯ ಅವಕಾಶವು ಇನ್ನೊಬ್ಬನ ಮೊದಲನೆಯ ಅವಕಾಶವನ್ನು ನುಂಗುತ್ತದೆ. ಅವರ ಸಲಹೆಯಂತೆ ಭಾರತದ ಕ್ರಿಕೆಟ್ ಮಂಡಳಿಯು ಈ ನಿಯಮವನ್ನು ಮಾಡಿತು. ಗೆಲವನ್ನೇ ಗುರಿಯಾಗಿಟ್ಟ ಶಿಕ್ಷಕನು ಹೀಗೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವನೇ?

ಫಲವೇನಾಯಿತೆಂಬದನ್ನು ನೋಡೋಣ. ೨೦೧೬ರಲ್ಲಿ ಢಾಕಾ ನಗರದ ಮೀರ್‌ಪುರದಲ್ಲಿ ನಡೆದ ಕಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅವರ ತಂಡವು ವೆಸ್ಟ್ ಇಂಡೀಸಿಗೆ ಸೋತಿತು. ಪಾರಿತೋಷಕದ ಅಳತೆಗೋಲಿನಂತೆ ಅದು ಸೋತ ವರ್ಷ. ೨೦೧೮ರಲ್ಲಿ ನ್ಯೂಜಿಲೆಂಡಿಗೆ ಹೋದ ಹೊಸ ಹುಡುಗರ ತಂಡವು ಒಂದು ಪಂದ್ಯವನ್ನೂ ಸೋಲದೆ, ಫೆಬ್ರವರಿ ೩ರಂದು ಆಸ್ಟ್ರೇಲಿಯವನ್ನು ಎಂಟು ವಿಕೆಟುಗಳಿಂದ ಸೋಲಿಸಿ ಕಪ್ಪನ್ನು ಗೆದ್ದಿತು. ಅದೇ ಅಳತೆಯಂತೆ ಅದು ಸಾರ್ಥಕವಾದ ವರ್ಷ. ಆದರೆ ನಿಜವಾದ ಬೆಳೆಯು ಕಾಣಿಸಿದ್ದು ಇನ್ನೂ ಆರು ವರ್ಷ ಕಳೆದ ಬಳಿಕ. ೨೦೨೪ನೇ ಇಸವಿ ಜೂನ್ ೨೯ರಂದು ಬಾರ್ಬಡೋಸಿನ ಬ್ರಿಡ್ಜ್‌ಟೌನಿನಲ್ಲಿ ಭಾರತದ ಹಿರಿಯರ ತಂಡವು ದಕ್ಷಿಣ ಆಫ್ರಿಕವನ್ನು ಏಳು ಓಟಗಳಿಂದ ಸೋಲಿಸಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದಾಗ, ಆ ಹನ್ನೊಂದು ಮಂದಿಯಲ್ಲಿ ೨೦೧೬ರ ಸೋತ ತಂಡದ ರಿಷಭ್ ಪಂತರಿದ್ದರು. ೨೦೧೮ರ ತಂಡದೊಂದಿಗೆ ಹೋಗಿದ್ದ ಅರ್ಷ್‌ದೀಪ್ ಸಿಂಗರೂ ಇದ್ದರು.

ಈ ಎರಡನೆಯವರ ಕಥೆಯನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ೨೦೧೮ರ ಅಂತಿಮ ಪಂದ್ಯದಲ್ಲಿ ಆಡಿದ ಹನ್ನೊಂದು ಮಂದಿಯಲ್ಲಿ ಅರ್ಷ್‌ದೀಪರು ಇರಲಿಲ್ಲ. ಅಂದು ಅವರು ಹೊರಗೆ ಕುಳಿತ ಹುಡುಗ. ಆರು ವರ್ಷಗಳ ಮೇಲೆ ಹಿರಿಯರ ಅಂತಿಮ ಪಂದ್ಯದಲ್ಲಿ ನಾಲ್ಕು ಓವರುಗಳಲ್ಲಿ ಕೇವಲ ೨೦ ಓಟಗಳನ್ನು ಕೊಟ್ಟು ಎರಡು ವಿಕೆಟುಗಳನ್ನು ಕಿತ್ತವರು ಅವರೇ. ಹದಿನೆಂಟರ ವಯಸ್ಸಿನಲ್ಲಿ ಯಾರು ಮುಂದಕ್ಕೆ ಬರುವರೆಂದು ಹೇಳುವುದು ಅನುಭವಸ್ಥರಿಗೂ ಅಸಾಧ್ಯವಾಗಿರುವಾಗ, ಹದಿಮೂರರ ಹುಡುಗಿಯನ್ನು ನೋಡಿ 'ಇವಳಿಂದ ಆಗದು' ಎಂದು ತೀರ್ಪುಕೊಡುವ ಅಧಿಕಾರವು ನಮಗೆಲ್ಲಿಂದ ಬಂತು? ಹೊರಗೆ ಕುಳಿತವರನ್ನು ಹೊರಗೆ ಹಾಕದೆ ಇರುವುದೇ ಒಳ್ಳೆಯ ಶಿಕ್ಷಕರ ಮೊದಲನೆಯ ಲಕ್ಷಣ.

ದ್ರಾವಿಡ್ ಅವರು ಹಿರಿಯರ ತಂಡಕ್ಕೆ ಮುಖ್ಯ ತರಬೇತುದಾರರಾದದ್ದು ೨೦೨೧ರ ನವೆಂಬರಿನಲ್ಲಿ. ಮುಂದಿನ ಎರಡು ವರ್ಷಗಳಲ್ಲಿ ಬಂದದ್ದೇನು? ೨೦೨೨ರಲ್ಲಿ ಅಡಿಲೇಡಿನಲ್ಲಿ ಇಂಗ್ಲೆಂಡಿನೆದುರು ಒಂದು ವಿಕೆಟನ್ನೂ ಪಡೆಯದೆ ಉಪಾಂತ್ಯದಲ್ಲಿ ಸೋಲು. ೨೦೨೩ರ ಜೂನಿನಲ್ಲಿ ಟೆಸ್ಟ್ ಪಂದ್ಯಗಳ ವಿಶ್ವ ಪ್ರಶಸ್ತಿಯ ಅಂತಿಮದಲ್ಲಿ ಆಸ್ಟ್ರೇಲಿಯದೆದುರು ೨೦೯ ಓಟಗಳ ಸೋಲು. ಅದೇ ವರ್ಷ ನವೆಂಬರ್ ೧೯ರಂದು, ಒಂದರ ಮೇಲೊಂದರಂತೆ ಹತ್ತು ಪಂದ್ಯಗಳನ್ನು ಗೆದ್ದು ಬಂದ ತಂಡಕ್ಕೆ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಮತ್ತೆ ಆಸ್ಟ್ರೇಲಿಯದಿಂದ ಸೋಲು. ಅವರ ಅವಧಿಯು ಅಂದಿಗೆ ಮುಗಿದಿತ್ತು. ಪಾರಿತೋಷಕವೊಂದನ್ನೇ ಎಣಿಸುವವರು ಆ ರಾತ್ರಿ ಲೆಕ್ಕ ಮಾಡಿದ್ದರೆ, ವಿಶ್ವಮಟ್ಟದ ಒಂದು ಕಪ್ಪನ್ನೂ ತರಲಾರದ ಗುರುವೆಂದು ಅವರನ್ನು ಕಳುಹಿಸಿಬಿಡಬಹುದಿತ್ತು. ಮಂಡಳಿಯು ಅವರನ್ನು ಮುಂದುವರಿಸಿತು. ಏಳು ತಿಂಗಳಲ್ಲಿ ಕಪ್ಪು ಬಂತು. ಹದಿನೇಳು ವರ್ಷಗಳ ಹಿಂದೆ ಅವರು ನಾಯಕರಾಗಿ ತಲೆತಗ್ಗಿಸಿ ಮರಳಿದ್ದ ಆ ದ್ವೀಪಗಳಲ್ಲಿಯೇ ಬಂತೆಂಬದನ್ನೂ ಇಲ್ಲಿ ನೆನೆಯಬಹುದು. ಅಹಮದಾಬಾದಿನಲ್ಲಿ ಸೋತಾಗ ಅವರು ಕೆಟ್ಟ ಶಿಕ್ಷಕರಾಗಿರಲಿಲ್ಲ. ಬ್ರಿಡ್ಜ್‌ಟೌನಿನಲ್ಲಿ ಗೆದ್ದಾಗ ಹೊಸದಾಗಿ ಒಳ್ಳೆಯ ಶಿಕ್ಷಕರಾದದ್ದೂ ಅಲ್ಲ.

ಗೆದ್ದ ಮೇಲೆ ಅವರು ನಡೆದುಕೊಂಡ ರೀತಿಯನ್ನೂ ಹೇಳದೆ ಇರಲಾಗದು. ೨೦೧೮ರಲ್ಲಿ ಮಂಡಳಿಯು ಪ್ರತಿಯೊಬ್ಬ ಹುಡುಗನಿಗೆ ೩೦ ಲಕ್ಷ ರೂಪಾಯಿಗಳನ್ನೂ, ಅವರಿಗೆ ೫೦ ಲಕ್ಷವನ್ನೂ, ಸಹಾಯಕರಿಗೆ ೨೦ ಲಕ್ಷವನ್ನೂ ಬಹುಮಾನವಾಗಿ ಸಾರಿತ್ತು. ತನಗೊಂದು ಸಹಾಯಕರಿಗೊಂದು ಎಂಬ ಭೇದವು ಬೇಡವೆಂದು ಅವರು ಕೇಳಿಕೊಂಡದ್ದರಿಂದ ಕೊನೆಗೆ ಎಲ್ಲರಿಗೂ ೨೫ ಲಕ್ಷವಾಯಿತು. ಆ ವರ್ಷದಲ್ಲಿ ಹಿಂದೆ ತಂಡಕ್ಕಾಗಿ ದುಡಿದವರಿಗೂ ಅದರಲ್ಲಿ ಪಾಲು ದೊರೆಯಿತು. ಅವರ ಸ್ವಂತ ಪಾಲು ಅರ್ಧಕ್ಕೆ ಇಳಿಯಿತು. ೨೦೨೪ರಲ್ಲಿಯೂ ತಮಗೆ ನಿಗದಿಯಾದ ಐದು ಕೋಟಿಯಲ್ಲಿ ಅರ್ಧವನ್ನು ಬಿಟ್ಟು, ಉಳಿದ ತರಬೇತುದಾರರಿಗೆ ದೊರೆತಂತೆ ಎರಡೂವರೆ ಕೋಟಿಯೇ ಸಾಕೆಂದರು. ಗೆಲವು ಒಬ್ಬರದಲ್ಲವೆಂದು ಬಾಯಿಮಾತಿನಲ್ಲಿ ಹೇಳುವವರು ಬಹಳ. ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೇಳುವವರು ಕಡಿಮೆ. ಶಾಲೆಯ ತಂಡವೊಂದು ಗೆದ್ದಾಗ, ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ತಿರುಗಿ ಹೇಳಿಕೊಟ್ಟ ಅಧ್ಯಾಪಿಕೆಯನ್ನೂ, ನೀರಿನ ಕೊಡವನ್ನು ಹೊತ್ತುತಂದ ಆಯಮ್ಮನನ್ನೂ, ದಿನವೂ ಎದುರಾಳಿಗಳಾಗಿ ನಿಂತು ಅಭ್ಯಾಸಕ್ಕೆ ನೆರವಾದ ಎರಡನೆಯ ತಂಡದ ಹುಡುಗಿಯರನ್ನೂ ವೇದಿಕೆಗೆ ಕರೆಯುವುದುಂಟೇ? ಕರೆದರೆ ಗೆದ್ದವರ ಗೌರವವು ಎಳ್ಳಷ್ಟೂ ಕುಂದದು.

ಒಬ್ಬರನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮೀರಬಾರದು. ಅದೇ ದ್ರಾವಿಡ್ ಅವರು ೨೦೨೫ರಲ್ಲಿ ರಾಜಸ್ಥಾನದ ವೃತ್ತಿಪರ ತಂಡಕ್ಕೆ ಮುಖ್ಯ ತರಬೇತುದಾರರಾಗಿದ್ದಾಗ ಆ ತಂಡವು ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿ ನಿಂತಿತು. ಆ ವರ್ಷವೇ ಅವರು ಅಲ್ಲಿಂದ ಹೊರಟರು. ಗುರುವು ಅದೇ, ಅನುಭವವೂ ಅದೇ. ಫಲ ಮಾತ್ರ ಬೇರೆ. ಆಟಗಾರರ ಆರೋಗ್ಯ, ಎದುರಾಳಿಗಳ ಬಲ, ಒಂದು ಕೈತಪ್ಪಿದ ಚೆಂಡು, ಇಂಥ ಎಷ್ಟೋ ಸಂಗತಿಗಳು ಗೆಲವಿನಲ್ಲಿ ಸೇರಿವೆ. ಶಿಕ್ಷಕರ ಕೈಯಲ್ಲಿರುವುದು ಬಿತ್ತನೆಯೂ ಕಳೆ ಕೀಳುವುದೂ. ಮಳೆಯು ಅವರ ಕೈಯಲ್ಲಿಲ್ಲ.

ಈ ಮಾತು ಪುರುಷರ ಆಟಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬಾರದು. ಅಮೇರಿಕದಲ್ಲಿ ಸಾಫ್ಟ್‌ಬಾಲ್ ಎಂಬ ಆಟವುಂಟು. ಅದು ಬೇಸ್‌ಬಾಲಿನಿಂದ ಹುಟ್ಟಿದ್ದು. ಅಂಗಳ ಚಿಕ್ಕದು, ಚೆಂಡು ದೊಡ್ಡದು, ಎಸೆತವು ಕೆಳಗಿನಿಂದ. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದವನ್ನು ಮಾಡಕೂಡದೆಂಬ ಕಾನೂನು ಆ ದೇಶದಲ್ಲಿ ೧೯೭೨ರಲ್ಲಿ ಆದ ಮೇಲೆ ಕಾಲೇಜುಗಳಲ್ಲಿ ಹುಡುಗಿಯರ ಆಟಗಳು ಬಹಳವಾಗಿ ಬೆಳೆದವು. ಓಕ್ಲಹೋಮ ವಿಶ್ವವಿದ್ಯಾನಿಲಯದ ಹುಡುಗಿಯರಿಗೆ ಈ ಆಟವನ್ನು ಕಲಿಸುವುದಕ್ಕೆ ಪ್ಯಾಟಿ ಗ್ಯಾಸೊ ಎಂಬ ಮಹಿಳೆಯು ಬಂದದ್ದು ೧೯೯೫ರ ಆಟದ ಋತುವಿಗೆ. ಆಗ ತಂಡಕ್ಕೆ ಸ್ವಂತ ಮೈದಾನವೇ ಇರಲಿಲ್ಲ. ಊರಿನ ಸಾರ್ವಜನಿಕ ಉದ್ಯಾನದ ಅಂಗಳದಲ್ಲಿ ಆಡುತ್ತಿದ್ದರು. ೨೦೦೦ದಲ್ಲಿ ಅವರ ತಂಡವು ರಾಷ್ಟ್ರದ ಪ್ರಶಸ್ತಿಯನ್ನು ಮೊದಲನೆಯ ಬಾರಿ ಗೆದ್ದಿತು. ಎರಡನೆಯ ಪ್ರಶಸ್ತಿ ಬಂದದ್ದು ಯಾವಾಗ? ೨೦೧೩ರಲ್ಲಿ. ನಡುವಿನ ಹನ್ನೆರಡು ವರ್ಷಗಳು ಬರಿಗೈಯವು. ಅಷ್ಟು ಕಾಲವೂ ಸಂಸ್ಥೆಯು ಅವರನ್ನು ಇಟ್ಟುಕೊಂಡಿತು. ಆಮೇಲೆ ೨೦೧೬, ೨೦೧೭, ಮತ್ತು ೨೦೨೧ರಿಂದ ೨೦೨೪ರ ತನಕ ಎಡೆಬಿಡದೆ ನಾಲ್ಕು ವರ್ಷ, ಹೀಗೆ ಒಟ್ಟು ಎಂಟು ಪ್ರಶಸ್ತಿಗಳು ಬಂದವು. ೨೦೨೫ರಲ್ಲಿ ಬರಲಿಲ್ಲ. ಒಂದೆರಡು ವರ್ಷ ಕಾದು ಬೇಸತ್ತು ಶಿಕ್ಷಕಿಯರನ್ನು ಬದಲಾಯಿಸುವ ಸಂಸ್ಥೆಗಳು ಆ ಹನ್ನೆರಡು ವರ್ಷಗಳನ್ನು ಲೆಕ್ಕ ಮಾಡಿ ನೋಡಲಿ.

ಇನ್ನೊಂದು ಉದಾಹರಣೆಯು ನಮ್ಮ ದೇಶದ ಹೆಣ್ಣುಮಕ್ಕಳದೇ. ಅಮೋಲ್ ಮಜುಮ್ದಾರರು ದೇಶೀಯ ಕ್ರಿಕೆಟಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಓಟಗಳನ್ನು ಗಳಿಸಿಯೂ ಭಾರತದ ತಂಡದಲ್ಲಿ ಒಂದು ಪಂದ್ಯವನ್ನೂ ಆಡುವ ಭಾಗ್ಯವನ್ನು ಕಾಣದವರು. ೨೦೨೩ರಲ್ಲಿ ಅವರು ಭಾರತದ ಮಹಿಳಾ ತಂಡಕ್ಕೆ ಮುಖ್ಯ ತರಬೇತುದಾರರಾದರು. ೨೦೨೫ರ ವಿಶ್ವಕಪ್ಪಿನಲ್ಲಿ ಆ ತಂಡವು ಒಂದರ ಮೇಲೊಂದಾಗಿ ಮೂರು ಪಂದ್ಯಗಳನ್ನು ಸೋತಿತು. ಜೆಮಿಮಾ ರೊಡ್ರಿಗಸ್ ಎಂಬ ಆಟಗಾರ್ತಿಯನ್ನು ಒಂದು ಪಂದ್ಯಕ್ಕೆ ಹೊರಗಿಟ್ಟರು. ೨೦೨೨ರ ವಿಶ್ವಕಪ್ಪಿಗಂತೂ ಆಕೆಯನ್ನು ಆರಿಸಿಯೇ ಇರಲಿಲ್ಲ. ಅದೇ ಜೆಮಿಮಾ ಅಕ್ಟೋಬರ್ ೩೦ರಂದು ಆಸ್ಟ್ರೇಲಿಯದೆದುರಿನ ಉಪಾಂತ್ಯದಲ್ಲಿ ೩೩೯ ಓಟಗಳ ಗುರಿಯನ್ನು ಬೆನ್ನಟ್ಟಿ, ೧೨೭ ಓಟಗಳೊಂದಿಗೆ ಅಜೇಯಳಾಗಿ ನಿಂತು ತಂಡವನ್ನು ದಡಕ್ಕೆ ಸೇರಿಸಿದಳು. ಶಫಾಲಿ ವರ್ಮಾ ಮೊದಲು ತಂಡದಲ್ಲಿಯೇ ಇರಲಿಲ್ಲ. ಗಾಯಗೊಂಡ ಗೆಳತಿಯ ಸ್ಥಾನಕ್ಕೆ ಕರೆಬಂದಾಗ ಬಂದು, ನವೆಂಬರ್ ೨ರಂದು ನವಿ ಮುಂಬಯಿಯ ಅಂತಿಮ ಪಂದ್ಯದಲ್ಲಿ ೮೭ ಓಟಗಳನ್ನೂ ಎರಡು ವಿಕೆಟುಗಳನ್ನೂ ಗಳಿಸಿದಳು. ದಕ್ಷಿಣ ಆಫ್ರಿಕವು ೫೨ ಓಟಗಳಿಂದ ಸೋತಿತು. ಭಾರತದ ಹೆಣ್ಣುಮಕ್ಕಳು ಮೊದಲನೆಯ ಬಾರಿ ವಿಶ್ವಕಪ್ಪನ್ನೆತ್ತಿದರು. ಇಲ್ಲಿಯೂ ತಂಡವನ್ನು ಗೆಲ್ಲಿಸಿದವರಲ್ಲಿ ಹೊರಗೆ ಕುಳಿತಿದ್ದವರೇ ಇದ್ದರೆಂಬುದನ್ನು ನೋಡಿರಿ.

ಇದಕ್ಕೆ ಎದುರಾಗಿ ಹೇಳತಕ್ಕ ಮಾತುಗಳಿಲ್ಲವೆಂದಲ್ಲ. ಗೆಲ್ಲಬೇಕಾದರೆ ಸಮರ್ಥರನ್ನೇ ಆಡಿಸಬೇಕಲ್ಲವೇ ಎಂದು ಕೆಲವರು ಕೇಳುವರು. ದೊಡ್ಡವರ ತಂಡದಲ್ಲಿ ಅದು ಸತ್ಯವೇ. ಹಿರಿಯರ ತಂಡಕ್ಕೆ ಬಂದ ಮೇಲೆ ಎಲ್ಲರಿಗೂ ಒಂದೊಂದು ಪಂದ್ಯವೆಂಬ ನಿಯಮವನ್ನು ದ್ರಾವಿಡ್ ಅವರೂ ನಡಿಸಲಿಲ್ಲ, ನಡಿಸುವುದು ಸಾಧ್ಯವೂ ಇರಲಿಲ್ಲ. ಕಲಿಯುವ ವಯಸ್ಸು ಬೇರೆ, ಕಲಿತದ್ದನ್ನು ಒರೆಗೆ ಹಚ್ಚುವ ವಯಸ್ಸು ಬೇರೆ. ಹೈಸ್ಕೂಲು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು? ಗಣಿತದಲ್ಲಿ ಹಿಂದುಳಿದ ಹುಡುಗಿಯನ್ನು 'ನಿನಗೆ ಗಣಿತ ಬೇಡ' ಎಂದು ಯಾವ ಅಧ್ಯಾಪಿಕೆಯೂ ಹೊರಗೆ ಕುಳ್ಳಿರಿಸುವುದಿಲ್ಲ; ಆಕೆಗೆ ಇನ್ನೂ ಒಂದು ಗಳಿಗೆ ಹೆಚ್ಚಾಗಿ ಕಲಿಸುವರು. ಅಂಗಳದಲ್ಲಿಯೂ ನಿಯಮವು ಅದೇ ಆಗಿರಬೇಕು. ತಾಲೂಕಿನ ಪಂದ್ಯಕ್ಕೆ ಹೋಗುವ ಹನ್ನೆರಡು ಮಂದಿಯನ್ನು ಆರಿಸಲಿ, ಬೇಡವೆನ್ನುವುದಿಲ್ಲ. ಆದರೆ ಉಳಿದ ನೂರು ಮಂದಿಗೂ ವಾರಕ್ಕೆ ಎರಡಾವರ್ತಿ ಚೆಂಡು ಕೈಗೆ ಸಿಕ್ಕಬೇಕು.

ಪರೀಕ್ಷೆಯ ಮಾತನ್ನು ಹೆತ್ತವರು ಎತ್ತುವರು. ಆಟವಾಡಿದರೆ ಅಂಕಗಳು ತಾವಾಗಿ ಬರುವವೆಂದು ನಾವು ಭರವಸೆ ಕೊಡಲಾರೆವು. ಅಂಥ ಭರವಸೆಯನ್ನು ಕೊಡುವವರನ್ನು ನಂಬಲೂ ಬೇಡಿರಿ. ನಾವು ಕೇಳುವುದು ಇಷ್ಟೇ: ಹತ್ತನೆಯ ತರಗತಿಯ ಹುಡುಗಿಯು ವಾರದಲ್ಲಿ ಎರಡು ಪೀರಿಯಡ್ಡು ಅಂಗಳದಲ್ಲಿದ್ದರೆ ಅವಳ ಓದಿನಿಂದ ಹೋಗುವುದು ಒಂದೂವರೆ ತಾಸು. ಅಷ್ಟು ಹೊತ್ತು ಮೊಬೈಲಿನಲ್ಲಿ ಕಳೆದುಹೋದರೆ ಯಾರೂ ಲೆಕ್ಕವಿಡುವುದಿಲ್ಲ. ಆಟಕ್ಕೆ ಹೋದರೆ ಮಾತ್ರ ಲೆಕ್ಕದ ಪುಸ್ತಕವು ತೆರೆಯುವುದು. ಸಂಜೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಬಸ್ಸು ಹತ್ತಿ ಬರಬೇಕಾಗುವುದೆಂಬ ಭಯವು ನ್ಯಾಯವಾದದ್ದು. ಅದಕ್ಕೆ ಉಪಾಯವು ಆಟವನ್ನು ಬಿಡಿಸುವುದಲ್ಲ, ಅಭ್ಯಾಸವನ್ನು ಶಾಲೆಯ ಹೊತ್ತಿನೊಳಗೆ ತರುವುದು. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮ ಕರಾವಳಿಯಲ್ಲಿ ಅಂಗಳವು ಕೆರೆಯಾಗುತ್ತದೆಂಬುದೂ ನಿಜವೇ. ಆದರೆ ಸಭಾಂಗಣವೆಂಬುದು ವಾರ್ಷಿಕೋತ್ಸವಕ್ಕಾಗಿ ಮಾತ್ರ ಕಟ್ಟಿದ್ದಲ್ಲ. ಕುರ್ಚಿಗಳನ್ನು ಬದಿಗೆ ಸರಿಸಿದರೆ ಹಗ್ಗದಾಟಕ್ಕೂ ವ್ಯಾಯಾಮಕ್ಕೂ ಅದು ಸಾಲುತ್ತದೆ.

ಹೆಣ್ಣುಮಕ್ಕಳಿಗೆ ಇದರಿಂದ ಬರುವುದೇನೆಂದು ಕೇಳುವ ಕಾಲವು ಕಳೆದುಹೋಯಿತೆಂದು ನಂಬಿದ್ದೇವೆ. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು ೧೯೭೬ರಲ್ಲಿಯೇ ಭಾರತದ ಮಹಿಳೆಯರ ಮೊದಲನೆಯ ಟೆಸ್ಟ್ ತಂಡದ ನಾಯಕಿಯಾಗಿ, ಆ ವರ್ಷವೇ ಅರ್ಜುನ ಪ್ರಶಸ್ತಿಯನ್ನು ಪಡೆದರು. ನಮ್ಮ ನೆರೆಯ ಕಾರ್ಕಳದ ಕಡೆಯ ಮಮತಾ ಪೂಜಾರಿಯವರು ೨೦೧೦ರಲ್ಲಿ ಗ್ವಾಂಗ್‌ಝೌ ನಗರದಲ್ಲಿಯೂ ೨೦೧೪ರಲ್ಲಿ ಇಂಚಿಯಾನಿನಲ್ಲಿಯೂ ಏಷ್ಯದ ಕ್ರೀಡಾಕೂಟದ ಕಬಡ್ಡಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, ೨೦೧೪ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಕಬಡ್ಡಿಗೆ ಬೇಕಾದದ್ದು ಒಂದು ಗೆರೆ ಎಳೆದ ನೆಲವೂ ಎದೆಗಾರಿಕೆಯೂ. ನಮ್ಮ ಹೆಣ್ಣುಮಕ್ಕಳೆಲ್ಲರೂ ಮಮತಾ ಆಗಲಾರರು, ಆಗಬೇಕಾದ ಅಗತ್ಯವೂ ಇಲ್ಲ. ಸೋತ ಸಂಜೆಯಲ್ಲಿ ಎದುರಾಳಿಯ ಕೈಕುಲುಕಿ, ಮಾರನೆಯ ಬೆಳಿಗ್ಗೆ ತಿರುಗಿ ಅಂಗಳಕ್ಕೆ ಬರುವ ಅಭ್ಯಾಸವೊಂದು ಆದರೆ ಸಾಕು. ಮುಂದೆ ಬಾಳಿನಲ್ಲಿ ಅದಕ್ಕೆ ಕೆಲಸ ಬೀಳುವ ದಿನಗಳು ಬೇಕಾದಷ್ಟಿವೆ.

ಕಡೆಗೆ ನಮ್ಮ ಬಿನ್ನಹಗಳು ಮೂರು. ಶಾಲೆಗಳನ್ನು ನಡಿಸುವವರಲ್ಲಿ ಕೇಳಿಕೊಳ್ಳುವುದೇನೆಂದರೆ, ಆಟದ ಪೀರಿಯಡ್ಡನ್ನು ಸಾಲ ಕೊಡಬೇಡಿರಿ. ವ್ಯಾಯಾಮ ಶಿಕ್ಷಕಿಯರನ್ನು ಅಲ್ಪಕಾಲಕ್ಕೆ ನೇಮಿಸಿ ಬೇಸಗೆಗೆ ಕಳುಹಿಸಬೇಡಿರಿ. ವರದಿಯಲ್ಲಿ ಗೆದ್ದವರ ಹೆಸರಿನೊಂದಿಗೆ ಆ ವರ್ಷ ಅಂಗಳಕ್ಕಿಳಿದವರ ಸಂಖ್ಯೆಯನ್ನೂ ಅಚ್ಚುಹಾಕಿಸಿರಿ.

ಪೂರ್ವವಿದ್ಯಾರ್ಥಿನಿಯರಲ್ಲಿ ಒಂದು ಮಾತು. ಅಗಲಿದ ಹಿರಿಯರ ನೆನಪಿಗಾಗಿ ಬೆಳ್ಳಿಯ ಕಪ್ಪನ್ನು ಶಾಲೆಗೆ ಅರ್ಪಿಸುವುದು ಒಳ್ಳೆಯ ಸಂಪ್ರದಾಯವೇ. ಆದರೆ ಕಪಾಟಿನಲ್ಲಿ ಕಪ್ಪುಗಳಿಗೆ ಕೊರತೆಯಿಲ್ಲ. ಚೆಂಡುಗಳಿಗೆ, ಬಲೆಗಳಿಗೆ, ಕಾಲಿಗೆ ಸರಿಹೊಂದುವ ಷೂಗಳಿಗೆ, ಬಟ್ಟೆ ಬದಲಾಯಿಸುವುದಕ್ಕೆ ಬಾಗಿಲುಳ್ಳ ಒಂದು ಕೋ‌ಣೆಗೆ ಕೊರತೆಯುಂಟು. ಈ ಕೋಣೆ ಇಲ್ಲದ ಕಾರಣದಿಂದಲೇ ತಿಂಗಳಲ್ಲಿ ಕೆಲವು ದಿನ ಆಟವನ್ನು ಬಿಟ್ಟು, ಕ್ರಮೇಣ ಪೂರಾ ಬಿಟ್ಟುಬಿಡುವ ಹುಡುಗಿಯರಿದ್ದಾರೆಂಬದು ಹೆಂಗಸರಾದ ನಿಮಗೆ ಹೇಳಿ ತಿಳಿಯಬೇಕಾದ ಸಂಗತಿಯಲ್ಲ. ಹಣಕ್ಕೆ ಅನುಕೂಲವಿಲ್ಲದವರು ಶನಿವಾರ ಒಂದು ಗಳಿಗೆ ಬಂದು ಮಕ್ಕಳೊಂದಿಗೆ ಆಡಿರಿ. ತಾಯಿಯಾದ ಮೇಲೂ ಓಡಬಹುದೆಂಬ ಪಾಠವನ್ನು ನಿಮ್ಮಷ್ಟು ಚೆನ್ನಾಗಿ ಕಲಿಸುವ ಶಿಕ್ಷಕಿಯರಿಲ್ಲ.

ಹೆತ್ತವರಲ್ಲಿ ಬೇಡುವುದು ಇನ್ನೂ ಸುಲಭವಾದದ್ದು. ಮಗಳು ಬೆವರಿ, ಕೆಮ್ಮಣ್ಣು ಮೆತ್ತಿದ ಸಮವಸ್ತ್ರದಲ್ಲಿ ಮನೆಗೆ ಬಂದಾಗ, 'ಗೆದ್ದಿಯಾ?' ಎಂದು ಕೇಳುವ ಮೊದಲು, 'ಈ ಹೊತ್ತು ಆಡಲಿಕ್ಕೆ ಸಿಕ್ಕಿತಾ ಮಗಾ?' ಎಂದು ಕೇಳಿರಿ. ಸಿಕ್ಕಲಿಲ್ಲವೆಂದು ಅವಳು ಹೇಳಿದರೆ, ಮಾರನೆಯ ದಿನ ಶಾಲೆಗೆ ಬಂದು ಶಿಕ್ಷಕಿಯೊಡನೆ ಮಾತಾಡಿರಿ. ಗಣಿತದಲ್ಲಿ ಅಂಕ ಕಡಿಮೆಯಾದಾಗ ಹೀಗೆ ಬರುವ ತಂದೆತಾಯಿಗಳು ಎಷ್ಟೋ ಮಂದಿ. ಆಟದ ಸರದಿಯು ತಪ್ಪಿದ್ದಕ್ಕೆ ಬಂದವರು ಎಷ್ಟು ಮಂದಿ? ಅಂಥ ಹತ್ತು ಮಂದಿ ಬಂದ ದಿನ ಆಟದ ಪೀರಿಯಡ್ಡನ್ನು ಸಾಲ ಕೇಳುವ ಧೈರ್ಯವು ಯಾರಿಗೂ ಆಗದು. ಅಂಗಳದಲ್ಲಿ ಒಬ್ಬರೇ ದುಡಿಯುತ್ತಿರುವ ಶಿಕ್ಷಕಿಗೂ ತಮ್ಮ ಕೆಲಸವನ್ನು ಕಂಡವರಿದ್ದಾರೆಂಬ ಧೈರ್ಯವು ಬರುವುದು.